ಡಿಸ್ಪ್ಯಾಚ್ ಫೋನಿನಲ್ಲಿ ಅವಳ ಹೆಸರು

ಆ ಪುಟ್ಟ ಸ್ಕ್ರೀನಿನ ಮೇಲೆ ತನ್ನದೇ ಹೆಸರು ಕಂಡಾಗ ಸೌಮ್ಯಶ್ರೀ ಬಗ್ಗಿ ಇನ್ನೊಮ್ಮೆ ಓದಿದಳು.

ಒಂದು ಸಲವಲ್ಲ. ಮೇಲಿನಿಂದ ಕೆಳಗಿನವರೆಗೆ, ಇಂಗ್ಲಿಷ್ ಅಕ್ಷರದಲ್ಲಿ, ಸಾಲು ಸಾಲಾಗಿ... ಸೌಮ್ಯಶ್ರೀ, ಸೌಮ್ಯಶ್ರೀ, ಸೌಮ್ಯಶ್ರೀ. ಶೋಭಾರಾಣಿ ಮೇಡಂ ಗುಂಡಿ ಒತ್ತುತ್ತ ಹೋದಂತೆಲ್ಲ ಕೆಳಗಿನಿಂದ ಇನ್ನಷ್ಟು ಸೌಮ್ಯಶ್ರೀಯರು ಎದ್ದು ಬರುತ್ತಿದ್ದರು.

ಅದು ಅವಳ ಫೋನಲ್ಲ. ಅಂಗಳದಾಚೆಯ ಶೀಟಿನ ಶೆಡ್ಡಿನಲ್ಲಿ, ಸರಕು ಕಳಿಸುವ ಡಿಸ್ಪ್ಯಾಚ್ ಮೇಜಿನ ಮೇಲಿದ್ದ ಫೋನು. ಆ ಮೇಜಿನ ಹಿಂದೆ ನಿಂತಿದ್ದ ಗಂಡಸನ್ನು ಅವಳು ಇಷ್ಟು ಹತ್ತಿರದಿಂದ ನೋಡುತ್ತಿರುವುದು ಇದೇ ಮೊದಲು. ರುದ್ರೇಶ. ಗದಗಿನ ಕಡೆಯವನು. ಇಷ್ಟು ದಿನ ಅವನು ಅವಳ ಪಾಲಿಗೆ ಬರೀ ಒಂದು ದನಿಯಾಗಿದ್ದ. ಈಗ ಎದುರಿಗೇ ಇದ್ದಾನೆ, ಒಂದು ಮಾತೂ ಆಡುತ್ತಿಲ್ಲ.

'ಯಾಕೆ ಸುಮ್ಮನಿದಾನೆ ಇವನು? ನಾನು ಫೋನ್ ಮಾಡಿಲ್ಲ ಅಂತ ಇವನಿಗೆ ಗೊತ್ತಲ್ಲ... ಬಾಯಿ ಬಿಡಬಾರದಾ?'

ತಾನು ಪಾರ್ಟಿಗಳಿಗೆ, ಎಂದರೆ ಸರಕು ಕೊಳ್ಳುವ ಅಂಗಡಿಯವರಿಗೆ, ಡಿಸ್ಪ್ಯಾಚಿನ ಲೈನ್ ಕೊಟ್ಟಿದ್ದೇನೆಯೇ ಹೊರತು ಬೇರೇನೂ ಮಾತಾಡಿಲ್ಲ ಎಂದಳು ಸೌಮ್ಯಶ್ರೀ.

ಶೋಭಾರಾಣಿ ಇನ್ನೊಂದು ಗುಂಡಿ ಒತ್ತಿ, ಮಾತಾಡಿದ ಸಮಯವನ್ನು ಬೆರಳಿಟ್ಟು ತೋರಿಸಿದಳು.

"ಲೈನ್ ಕೊಡೋಕೆ ಅರ್ಧ ಗಂಟೆ ಬೇಕೇನಮ್ಮಾ?"

ಸೌಮ್ಯಶ್ರೀ ರುದ್ರೇಶನ ಕಡೆ ತಿರುಗಿದಳು.

*

ಕಾಮಾಕ್ಷಿಪಾಳ್ಯದಲ್ಲಿ ಕಬ್ಬಿಣದ ಬೀರು ಮಾಡುವ ಕಾರ್ಖಾನೆ ಅದು. ರಸ್ತೆಗೆ ಮುಖ ಮಾಡಿ ಆಫೀಸು, ನಡುವೆ ಅಂಗಳ, ಹಿಂದೆ ಶೆಡ್ಡು. ಯಜಮಾನ ಗಂಗಾಧರಯ್ಯ. ಆಫೀಸಿನ ಆಡಳಿತವೆಲ್ಲ ಅವರ ತಮ್ಮನ ಹೆಂಡತಿ ಶೋಭಾರಾಣಿಯದು. ಮುಂಬಾಗಿಲಲ್ಲಿ ಕೂತು ಬಂದ ಕರೆಗಳನ್ನು ಆಯಾ ವಿಭಾಗಕ್ಕೆ ದಾಟಿಸುವುದು ಸೌಮ್ಯಶ್ರೀಯ ಕೆಲಸ.

ಈಚೆಗಷ್ಟೇ ಹಳೆಯ ಫೋನುಗಳನ್ನೆಲ್ಲ ಕಿತ್ತು ಹಾಕಿದ್ದರು. ಎಲ್ಲೋ ಬಾಗಿಲು ಮುಚ್ಚಿದ ಕಾಲ್ ಸೆಂಟರಿನಿಂದ ಅಗ್ಗಕ್ಕೆ ಸಿಕ್ಕಿದ, ಕಂಪ್ಯೂಟರಿನ ತಂತಿಯ ಮೇಲೆ ನಡೆಯುವ ಐಪಿ ಫೋನುಗಳು ಅವುಗಳ ಜಾಗಕ್ಕೆ ಬಂದವು. ಕರೆಗಳನ್ನು ಜೋಡಿಸುವ, ಗೋಡೆಯ ಮೇಲಿನ ಹಳೇ ಎಕ್ಸ್‌ಚೇಂಜನ್ನು ಮಾತ್ರ ಗಂಗಾಧರಯ್ಯ ಬದಲಿಸಲಿಲ್ಲ. ಚೆನ್ನಾಗಿಯೇ ಇದೆಯಲ್ಲ, ಇದಕ್ಕೇ ಹೊಂದಿಸು ಎಂದರು. ಹೊಂದಿಸಲು ಬಂದವನು, ಆ ಫೋನುಗಳನ್ನು ಮಾರಿದ ಸಿದ್ದೇಶ. ನಡುವೆ ಒಂದು ಸಣ್ಣ ಡಬ್ಬಿ ಕೂರಿಸಿದ. ದನಿ ದಾಟಿತು. ಆದರೆ ಕರೆ ತಡೆದಿಟ್ಟಾಗ ಬರುತ್ತಿದ್ದ ಹಾಡು ನಿಂತುಹೋಯಿತು. ಕೆಲವು ಕರೆಗಳು ಅರ್ಧದಲ್ಲೇ ಸತ್ತವು. ಸಿದ್ದೇಶ ಮಾತ್ರ ಎದೆ ಉಬ್ಬಿಸಿ, ಇನ್ನು ಮೇಲೆ ಯಾರು ಯಾರಿಗೆ ಫೋನ್ ಮಾಡಿದರು, ಎಷ್ಟು ಹೊತ್ತು ಮಾತಾಡಿದರು, ಎಲ್ಲ ಸ್ಕ್ರೀನಿನ ಮೇಲೇ ಕಾಣುತ್ತದೆ ಎಂದು ಹೇಳಿ ಹೋಗಿದ್ದ.

ಆ ಮಾತನ್ನು ಶೋಭಾರಾಣಿ ಸರಿಯಾಗಿ ಹಿಡಿದುಕೊಂಡಿದ್ದಳು.

ಫೋನು ಕೆಟ್ಟರೆ ರಿಪೇರಿಯವನನ್ನು ಕರೆಸಬೇಕು. ಆದರೆ ಇಂಥ ಆಫೀಸುಗಳಲ್ಲಿ ಹಾಗಾಗುವುದಿಲ್ಲ. ಮೊದಲು ಫೋನಿನ ಮುಂದೆ ಕೂತ ಹುಡುಗಿಯ ನಡತೆ ಕೆಟ್ಟಿದೆಯೇ ಎಂದು ನೋಡುತ್ತಾರೆ.

ಯಜಮಾನರು ಊರಿನಿಂದ ಬರಲಿ, ಆಮೇಲೆ ನಿನ್ನ ಕೆಲಸದ ವಿಷಯ ತೀರ್ಮಾನ ಎಂದು ಶೋಭಾರಾಣಿ ಹೇಳಿಬಿಟ್ಟಳು. ಸೌಮ್ಯಶ್ರೀ ಅಂಗಳ ದಾಟಿ ತನ್ನ ಕುರ್ಚಿಗೆ ಬಂದು ಕೂತಳು.

ಇದು ಅವಳಿಗೆ ಎರಡನೇ ಸಲ.

ಹಿಂದೆ ವಿಜಯನಗರದ ಒಂದು ಕ್ಲಿನಿಕ್ಕಿನಲ್ಲಿ ಕೆಲಸಕ್ಕಿದ್ದಳು. ಅಲ್ಲಿನ ಕಾಂಪೌಂಡರ್ ಜೊತೆ ಅವಳ ಹೆಸರು ಸೇರಿಸಿ ಯಾರೋ ಏನೋ ಅಂದರು. ಅವನು 'ಇಲ್ಲ' ಅನ್ನಲಿಲ್ಲ. ಮೀಸೆಯಡಿ ನಕ್ಕು ಸುಮ್ಮನಾದ. ಅವನ ಕೆಲಸ ಉಳಿಯಿತು, ಇವಳದು ಹೋಯಿತು. ಆಮೇಲೆ ಅಣ್ಣ ಮಹದೇವ್ ಅವಳನ್ನು ತಿಂಗಳುಗಟ್ಟಲೆ ಬ್ಯಾಡರಹಳ್ಳಿಯ ಮನೆ ಬಿಟ್ಟು ಹೊರಗೆ ಕಳಿಸಿರಲಿಲ್ಲ. ಅಮ್ಮ ನರಸಮ್ಮ ಬೇಡಿಕೊಂಡ ಮೇಲೆ ಈ ಕೆಲಸಕ್ಕೆ ಒಪ್ಪಿದ್ದ. ಇನ್ನೊಂದು ಸಲ ಇಂಥ ಮಾತು ಕಿವಿಗೆ ಬಿದ್ದರೆ ಮನೆಯಲ್ಲೇ ಇರಬೇಕು, ಅಷ್ಟೇ ಎಂದಿದ್ದ.

'ಈ ಬಾಗಿಲೂ ಮುಚ್ಚಿದ್ರೆ ಮುಗೀತು ನನ್ನ ಕಥೆ...'

*

ಊಟದ ಹೊತ್ತಿಗೆ ಎಲ್ಲರೂ ಡಬ್ಬಿ ಬಿಚ್ಚಿ ಕೂತಾಗ ಅವಳು ಮೆಲ್ಲಗೆ ಎದ್ದಳು. ಲೆಕ್ಕದ ವಿಭಾಗದ ಫೋನು ನೋಡಿದಳು, ಸ್ಟೋರಿನ ಫೋನು ನೋಡಿದಳು, ಯಜಮಾನರ ಕೋಣೆಯದನ್ನೂ ಬಿಡಲಿಲ್ಲ. ಎಲ್ಲದರಲ್ಲೂ ಅವಳು ಬರೀ ಇಪ್ಪತ್ತೊಂದು. ಅವಳ ಮೇಜಿನ ನಂಬರು. ಹೆಸರಿಲ್ಲ. ಹೆಸರನ್ನಷ್ಟೇ ಹುಡುಕುತ್ತಿದ್ದವಳಿಗೆ ಸಮಯ ನೋಡಲು ಹೊಳೆಯಲಿಲ್ಲ.

ಹಾಗಾದರೆ ಹೆಸರು ಆ ಒಂದು ಫೋನಿನಲ್ಲಿ ಮಾತ್ರ ಹೇಗೆ ಬಂತು?

ತಾನಾಗಿಯೇ ಬಂದದ್ದಲ್ಲ. ಯಾರೋ ಕೂತು, ಒಂದೊಂದೇ ಅಕ್ಷರ ಒತ್ತಿ ತುಂಬಿಸಿದ್ದಾರೆ.

ಹೆಸರು ತುಂಬಿಸಿದವನು ಸಮಯವನ್ನೂ ತುಂಬಿಸಿರಬಾರದೇಕೆ? ಹುಡುಗಿಯೊಬ್ಬಳು ದಿನವಿಡೀ ನನಗೇ ಫೋನ್ ಮಾಡುತ್ತಾಳೆ ಎಂದು ಹಮಾಲಿಗಳ ಮುಂದೆ ಕೊಚ್ಚಿಕೊಳ್ಳುವುದಕ್ಕೆ? ಇನ್ನೊಬ್ಬ ಕಾಂಪೌಂಡರ್?

ಅವಳಿಗೆ ಇನ್ನೂ ಹೆಚ್ಚು ಸಿಟ್ಟು ಬಂದದ್ದು ತನ್ನ ಮೇಲೆ. ಏಕೆಂದರೆ ಆ ದನಿ ಅವಳಿಗೆ ಹಿಡಿಸಿತ್ತು. ಯಾರಿಗೂ ಹೇಳಿರಲಿಲ್ಲ, ತನಗೆ ತಾನೇ ಕೂಡ ಸರಿಯಾಗಿ ಹೇಳಿಕೊಂಡಿರಲಿಲ್ಲ. 'ರುದ್ರೇಶ್ ಅವ್ರೇ' ಎಂದು ಇವಳು ಲೈನ್ ಕೊಡುವಾಗ "ಹೂಂ ಮೇಡಂ, ಕೊಡ್ರಿ" ಎನ್ನುತ್ತಿದ್ದ ಆ ಮೂರು ಮಾತು. ಹೆಚ್ಚಿಲ್ಲ, ಕಡಿಮೆಯಿಲ್ಲ. ಇವನೊಬ್ಬ ಒಳ್ಳೆಯವನಿರಬೇಕು ಎಂದುಕೊಂಡಿದ್ದಳು.

'ದನಿ ಕೇಳಿ ಮನುಷ್ಯನನ್ನ ನಂಬೋ ಪೆದ್ದಿ ನಾನು!'

ಸಂಜೆ ಗೇಟಿನೆದುರಿನ ಟೀ ಅಂಗಡಿಯಲ್ಲಿ ಅವನು ಒಬ್ಬನೇ ನಿಂತಿದ್ದ. ಅವಳು ನೇರ ಹೋಗಿ ಕೇಳಿದಳು.

"ನಿಮ್ಮ ಫೋನಲ್ಲಿ ನನ್ನ ಹೆಸರು ಯಾರು ಹಾಕಿದ್ದು?"

ಅವನು ಲೋಟವನ್ನು ಬಾಯಿಯಿಂದ ಇಳಿಸಿದ. ಅವಳ ಮುಖ ನೋಡಲಿಲ್ಲ.

"ನಂಗ ಗೊತ್ತಿಲ್ರೀ."

ಸುಳ್ಳು. ಕಿವಿ ಕೆಂಪಗಾಗಿತ್ತು. ಸುಳ್ಳು ಹೇಳಿ ಅಭ್ಯಾಸವಿಲ್ಲದವನ ಸುಳ್ಳು. ಅದಕ್ಕೇ ಅವಳಿಗೆ ಇನ್ನಷ್ಟು ಹೇಸಿಗೆಯಾಯಿತು. ಹಾಗೇ ತಿರುಗಿ ಬಸ್ ಸ್ಟಾಪಿನತ್ತ ನಡೆದಳು. ಹಿಂದಿನಿಂದ "ಮೇಡಂ" ಎಂದಂತಾಯಿತು. ನಿಲ್ಲಲಿಲ್ಲ.

ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ಬಸ್ಸು ತೆವಳುತ್ತಿದ್ದಾಗ ಸಿದ್ದೇಶನಿಗೆ ಫೋನ್ ಮಾಡಿದಳು. ಕರೆಯ ಲೆಕ್ಕ ತಪ್ಪಾಗಿ ತೋರಿಸಬಹುದೇ ಎಂದು ಕೇಳಿದಳು. ಅವನು ಒಂದು ಗಳಿಗೆ ತಡೆದು, ಚಾನ್ಸೇ ಇಲ್ಲ ಎಂದ. ನನ್ನ ಫೋನು ಯಾವ ಎಕ್ಸ್‌ಚೇಂಜಿಗೆ ಬೇಕಾದರೂ ಸೆಟ್ ಆಗುತ್ತೆ, ಅದು ತೋರಿಸಿದ್ದೇ ನಿಜ, ನೀವೇ ಮರೆತಿದ್ದೀರೇನೋ ಎಂದು ನಕ್ಕ.

ಆ ತಡೆದ ಒಂದು ಗಳಿಗೆ ಅವಳಿಗೆ ಸರಿಬರಲಿಲ್ಲ. ಇವನೂ ಏನೋ ಮುಚ್ಚಿಡುತ್ತಿದ್ದಾನೆ. ಇಬ್ಬರೂ ಸೇರಿಕೊಂಡಿದ್ದಾರೋ?

ಮನೆಗೆ ಬಂದರೆ ಅಣ್ಣ ತಲೆಯೆತ್ತಿ ನೋಡಿದ. ಅವನೂ ಏನೋ ಕೇಳಿಸಿಕೊಂಡಿರಬಹುದೇ? ಅಮ್ಮ ಬಡಿಸಿದ್ದನ್ನು ತಟ್ಟೆಯಲ್ಲಿ ಕಲೆಸಿ ಕಲೆಸಿ ಬಿಟ್ಟಳು.

*

ಮರುದಿನ ಗಂಗಾಧರಯ್ಯ ಊರಿನಿಂದ ಬಂದರು. ಶೋಭಾರಾಣಿ ಅವರ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿದಳು.

ಆಗಲೇ ದಾವಣಗೆರೆಯ ಅಂಗಡಿಯ ಕೊಟ್ರಪ್ಪನವರ ಕರೆ ಬಂತು. ಮಾತು ಹಿಡಿದರೆ ಬಿಡದ ಆಸಾಮಿ. ಡಿಸ್ಪ್ಯಾಚ್ ಬೇಕೆಂದರು. ಸೌಮ್ಯಶ್ರೀ ಎಂದಿನಂತೆ ಮೊದಲು ಆ ಕಡೆಗೆ ಒತ್ತಿ ರುದ್ರೇಶನಿಗೆ ಪಾರ್ಟಿಯ ಹೆಸರು ಹೇಳಿದಳು. ಅವನು "ಕೊಡ್ರಿ" ಎಂದ. ಇಬ್ಬರನ್ನೂ ಸೇರಿಸಿ ತನ್ನ ರಿಸೀವರ್ ಇಟ್ಟಳು.

ಇಟ್ಟ ಕೈ ಅಲ್ಲೇ ನಿಂತಿತು.

'ಲೈನ್ ಕೊಟ್ಟ ಮೇಲೆ ಇವನು ಆ ಫೋನಿಗೆ ಏನ್ ಮಾಡ್ತಾನೆ? ಕಣ್ಣಾರೆ ನೋಡಿಯೇ ಬಿಡ್ತೀನಿ.'

ಕೆಲಸದ ಹೊತ್ತಿನಲ್ಲಿ ಅವಳು ಆ ಕುರ್ಚಿ ಬಿಟ್ಟು ಎದ್ದವಳಲ್ಲ. ಅವತ್ತು ಎದ್ದಳು. ಅಂಗಳವನ್ನು ಓಡಿಯೇ ದಾಟಿ, ಬಣ್ಣ ಹೊಡೆದು ನಿಲ್ಲಿಸಿದ್ದ ಬೀರುಗಳ ಸಂದಿಯಲ್ಲಿ ನುಸುಳಿ, ಕಳ್ಳಿಯ ಹಾಗೆ ಶೆಡ್ಡಿನ ಒಳಗೆ ಇಣುಕಿದಳು.

ರುದ್ರೇಶ ಬೆನ್ನು ತಿರುಗಿಸಿ ನಿಂತಿದ್ದ. ರಿಸೀವರ್ ಕಿವಿಯಲ್ಲಿ. ಒಂದು ಬೀರುವಿನ ಬೀಗದ ಕೈ ಲೋಡಿನಲ್ಲಿ ಹೋಗಿಲ್ಲವೆಂದು ಕೊಟ್ರಪ್ಪನವರು ತಗಾದೆ ತೆಗೆದಿದ್ದರು. ಇವನು ಸಮಾಧಾನ ಹೇಳುತ್ತಿದ್ದ. ಅವನ ಇನ್ನೊಂದು ಕೈ ಸೊಂಟದ ಮೇಲಿತ್ತು. ಫೋನಿನ ಯಾವ ಗುಂಡಿಯನ್ನೂ ಅವನು ಮುಟ್ಟುತ್ತಿರಲಿಲ್ಲ.

ಆದರೆ ಸ್ಕ್ರೀನಿನ ಮೇಲೆ ಅವಳ ಹೆಸರಿತ್ತು. ಹೆಸರಿನ ಪಕ್ಕದಲ್ಲಿ ಸೆಕೆಂಡುಗಳು ಓಡುತ್ತಿದ್ದವು.

ಅವಳು ಹತ್ತಿರ ಹೋದಳು. ಇನ್ನೂ ಹತ್ತಿರ. ನೆರಳು ಬಿದ್ದು ಅವನು ತಿರುಗಿದ, ಬೆಚ್ಚಿದ.

"ಯಾರ ಜೊತೆ ಮಾತಾಡ್ತಿದೀರ?" ಪಿಸುದನಿಯಲ್ಲಿ ಕೇಳಿದಳು.

ಅವನು ರಿಸೀವರ್ ಬಾಯಿಗೆ ಅಂಗೈ ಮುಚ್ಚಿದ. "ಕೊಟ್ರಪ್ಪನವ್ರ ಜೋಡಿ. ನೀವ ಈಗ ಲೈನ್ ಕೊಟ್ರಲ್ರೀ."

ಅವಳು ಸ್ಕ್ರೀನಿನ ಕಡೆ ಬೆರಳು ತೋರಿಸಿದಳು.

"ಹಾಗಾದ್ರೆ ಇಲ್ಲಿ ಮಾತಾಡ್ತಿರೋಳು ಯಾರು?"

ಅವನು ಸ್ಕ್ರೀನ್ ನೋಡಿದ. ಅವಳನ್ನು ನೋಡಿದ. ಮತ್ತೆ ಸ್ಕ್ರೀನ್. ಅಲ್ಲಿ ಸೌಮ್ಯಶ್ರೀ ಇನ್ನೂ ಮಾತಾಡುತ್ತಲೇ ಇದ್ದಳು. ಇಲ್ಲಿ ಸೌಮ್ಯಶ್ರೀ ಬರಿಗೈಯಲ್ಲಿ ಏದುಸಿರು ಬಿಡುತ್ತಿದ್ದಳು.

ಇಬ್ಬರಿಗೂ ಒಟ್ಟಿಗೇ ಅರ್ಥವಾಯಿತು. ಮೊದಲು ಕರೆಯುವುದು ಅವಳ ಫೋನು. ಆಮೇಲೆ ಅವಳು ಪಕ್ಕಕ್ಕೆ ಸರಿದು ಪಾರ್ಟಿಯನ್ನು ಸೇರಿಸಿದರೂ ಆ ಸುದ್ದಿ ಹಳೇ ಎಕ್ಸ್‌ಚೇಂಜಿನಿಂದ ಹೊಸ ಫೋನಿಗೆ ದಾಟುತ್ತಿಲ್ಲ. ದನಿ ದಾಟುತ್ತದೆ, ಹೆಸರು ದಾಟುವುದಿಲ್ಲ. ಊರೂರಿನ ಅಂಗಡಿಯವರು ಆಡಿದ ಮಾತೆಲ್ಲ ಇವಳ ತಲೆಗೇ ಬಂದು ಕೂತಿದೆ.

"ಇಡಬೇಡಿ. ಅವ್ರನ್ನ ಮಾತಾಡಿಸ್ತಾನೇ ಇರಿ," ಎಂದವಳೇ ಹಿಂದಕ್ಕೆ ಓಡಿದಳು.

ಯಜಮಾನರು, ಶೋಭಾರಾಣಿ ಶೆಡ್ಡಿಗೆ ಬರುವ ಹೊತ್ತಿಗೆ ರುದ್ರೇಶ ಬೀಗದ ಕೈ ವಿಷಯ ಮುಗಿಸಿ, ಕೊಟ್ರಪ್ಪನವರ ಮಂಡಿನೋವು, ದಾವಣಗೆರೆಯ ಬಿಸಿಲು, ಅವರ ಮಗಳ ಮದುವೆಯ ಮೆನು, ಎಲ್ಲ ವಿಚಾರಿಸುತ್ತ ಬೆವರುತ್ತಿದ್ದ. ಸ್ಪೀಕರ್ ಒತ್ತಿದ. ಕೊಟ್ರಪ್ಪನವರ ದಪ್ಪ ದನಿ ಶೆಡ್ಡು ತುಂಬಿತು. ಸ್ಕ್ರೀನಿನ ಮೇಲೆ ಸೌಮ್ಯಶ್ರೀ ಎಂದೇ ಇತ್ತು. ಸೌಮ್ಯಶ್ರೀ ಶೋಭಾರಾಣಿಯ ಎದುರಿಗೇ ನಿಂತಿದ್ದಳು.

ಶೋಭಾರಾಣಿಯ ಮುಖದ ಬಣ್ಣ ಹೋಯಿತು. ಆದರೆ 'ತಪ್ಪಾಯಿತು' ಎಂಬ ಮಾತು ಬರಲಿಲ್ಲ. ಅಂಥವರ ಬಾಯಲ್ಲಿ ಅದು ಬರುವುದೂ ಇಲ್ಲ.

*

ಮಧ್ಯಾಹ್ನ ಸಿದ್ದೇಶನನ್ನು ಶೆಡ್ಡಿಗೆ ಕರೆಸಿದರು. ಗಂಗಾಧರಯ್ಯ ಗದರಿಸಿದ ಮೇಲೆ, ಹಳೇ ಎಕ್ಸ್‌ಚೇಂಜಿಗೂ ಈ ಫೋನುಗಳಿಗೂ ಎಲ್ಲ ವಿಷಯದಲ್ಲೂ ಹೊಂದಾಣಿಕೆ ಆಗುವುದಿಲ್ಲ ಎಂದು ಒಪ್ಪಿಕೊಂಡ. ಆದರೂ ಮಾತು ಕೇಳಿಸುತ್ತಲ್ಲ ಸಾರ್ ಎಂದು ಹಲ್ಲು ಬಿಟ್ಟ.

ಸೌಮ್ಯಶ್ರೀ ಉಸಿರು ಬಿಟ್ಟಳು. ಬದುಕಿದೆ ಎಂದುಕೊಂಡಳು. ಆಗ ಶೋಭಾರಾಣಿ ಕೇಳಿದಳು.

"ಅದೆಲ್ಲ ಸರಿ. ಬೇರೆ ಫೋನಲ್ಲೆಲ್ಲ ಇಪ್ಪತ್ತೊಂದು ಅಂತ ಬರುತ್ತೆ. ಇದ್ರಲ್ಲಿ ಮಾತ್ರ ಹೆಸರು ಹೇಗೆ ಬಂತು?"

ಸಿದ್ದೇಶನಿಗೆ ತನ್ನ ಕಡೆಯಿಂದ ಮಾತು ಬೇರೆಡೆ ತಿರುಗಿದರೆ ಸಾಕಾಗಿತ್ತು. ಕಣ್ಣು ಮಿಟುಕಿಸದೆ ಹೇಳಿದ, ರಿಸೆಪ್ಷನ್ ಮೇಡಂ ಅವರೇ ಹಾಕಿಕೊಡು ಅಂದಿರಬೇಕು, ನೆನಪಿಲ್ಲ ಎಂದು.

ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಈಗಷ್ಟೇ ಹತ್ತಿ ಬಂದ ಬಾವಿಗೆ ಯಾರೋ ಹಿಂದಿನಿಂದ ಮತ್ತೆ ನೂಕಿದಂತಾಯಿತು. ಕ್ಲಿನಿಕ್ಕಿನಲ್ಲೂ ಹೀಗೇ ಆಗಿತ್ತು...

"ಅವ್ರಲ್ಲ. ನಾನ ಹಾಕೀನಿ."

ರುದ್ರೇಶ ಒಂದು ಹೆಜ್ಜೆ ಮುಂದೆ ಬಂದಿದ್ದ. ಕಿವಿ ಕೆಂಪಗಿತ್ತು. ಈ ಸಲ ಕಣ್ಣು ತಗ್ಗಿಸಿರಲಿಲ್ಲ.

"ಆ ಮೇಡಂಗ ಇದು ಗೊತ್ತ ಇಲ್ರೀ. ಅವ್ರು ಒಂದ್ ದಿನಾನೂ ನನ್ ಜೋಡಿ ಹೆಚ್ಚಿನ ಮಾತಾಡಿಲ್ಲ. ಫೋನ್ ಬಂದ ದಿನಾನ ನಾ ಕುಂತು ಹೆಸರ ಹಾಕ್ಕೊಂಡೆ. ತಪ್ಪು ನಂದ. ಏನ್ ಮಾಡ್ತೀರೋ ನನಗ ಮಾಡ್ರಿ."

ಯಾಕೆ ಹಾಕಿಕೊಂಡೆ ಎಂದು ಶೋಭಾರಾಣಿ ಕೆದಕಿದಳು. ಅವನು ಉತ್ತರಿಸಲಿಲ್ಲ. ಬಾಗಿಲಲ್ಲಿದ್ದ ಹಮಾಲಿಯೊಬ್ಬ ಕೆಮ್ಮಿದ.

ರುದ್ರೇಶ ಬಗ್ಗಿ, ಎಲ್ಲರ ಎದುರಿಗೆ, ಫೋನಿನಿಂದ ಆ ಹೆಸರನ್ನು ಅಳಿಸಿದ.

ಗಂಗಾಧರಯ್ಯ ಒಂದೇ ಮಾತಿನಲ್ಲಿ ಮುಗಿಸಿದರು. ಹುಡುಗಿಯ ತಪ್ಪಿಲ್ಲ, ಅವಳ ಕೆಲಸ ಅವಳಿಗಿರಲಿ. ಇವನು ಸೋಮವಾರದಿಂದ ಕೆಂಗೇರಿಯ ಆಚೆ ಇರುವ ಗೋಡೌನಿಗೆ ಹೋಗಲಿ. ಹಳೇ ಎಕ್ಸ್‌ಚೇಂಜ್ ಮಾತ್ರ ಅಲ್ಲೇ ಗೋಡೆಯ ಮೇಲೆ ಉಳಿಯಿತು.

*

ಆ ಸಂಜೆ ಅವಳಿಗೆ ಖುಷಿಯಾಗಬೇಕಿತ್ತು. ಆಗಲಿಲ್ಲ.

ಬಸ್ಸಿನ ಕಿಟಕಿಗೆ ತಲೆಯಾನಿಸಿ ಕೂತವಳಿಗೆ ಒಂದೇ ಸಮ ಸಿಟ್ಟು. ನನ್ನ ಹೆಸರನ್ನು ನನ್ನ ಕೇಳದೆ ಎತ್ತಿಕೊಂಡ. ಕೇಳಿದಾಗ ಸುಳ್ಳು ಹೇಳಿದ. ಆಮೇಲೆ ದೊಡ್ಡ ಮನುಷ್ಯನ ಹಾಗೆ ಎದೆ ಕೊಟ್ಟು ನಿಂತ. ಇದೂ ಒಂದು ನಾಟಕವೇ? ಈ ಗಂಡಸರಿಗೆ ಯಾವುದು ನಾಟಕ, ಯಾವುದು ನಿಜ?

ಆದರೆ ಕಾಂಪೌಂಡರನ ಆ ನಗು ನೆನಪಾದಾಗ ಅವಳ ಲೆಕ್ಕ ತಪ್ಪುತ್ತಿತ್ತು. ಅವನು ಸುಮ್ಮನಿದ್ದು ಬಚಾವಾದ. ಇವನೂ ಸುಮ್ಮನಿದ್ದಿದ್ದರೆ ಬಚಾವಾಗುತ್ತಿದ್ದ. ಸಿದ್ದೇಶ ದಾರಿ ಮಾಡಿಯೇ ಕೊಟ್ಟಿದ್ದ...

ಬೇರೆಯವರಿಂದ ತಿಳಿಯುವ ಮುಂಚೆ ತಾನೇ ಹೇಳಬೇಕೆಂದು ಅಣ್ಣನ ಎದುರಿಗೆ ಕೂತು ಎಲ್ಲವನ್ನೂ ಹೇಳಿಬಿಟ್ಟಳು. ಒಂದನ್ನೂ ಮುಚ್ಚಿಡಲಿಲ್ಲ. ನರಸಮ್ಮ ಸೆರಗಿನ ತುದಿ ಹಿಡಿದುಕೊಂಡು ಬಾಗಿಲಲ್ಲೇ ನಿಂತರು. ಮಹದೇವ್ ಮೋಟಾರ್ ವೈಂಡಿಂಗ್ ಮಾಡಿ ಕಪ್ಪಾದ ಬೆರಳುಗಳನ್ನು ನೋಡಿಕೊಳ್ಳುತ್ತ ಕೂತಿದ್ದ.

ಕೊನೆಗೆ ಕೇಳಿದ್ದು ಇಷ್ಟೇ.

"ಎಲ್ಲರ ಮುಂದೇನೇ ಒಪ್ಕೊಂಡ್ನಾ?"

"ಹೂಂ."

ಅವನು ಎದ್ದು ಕೈ ತೊಳೆಯಲು ಹೋದ. ಮನೆಯಲ್ಲೇ ಇರು ಎನ್ನಲಿಲ್ಲ.

*

ಶನಿವಾರ, ಅವನಿಗೆ ಅಲ್ಲಿ ಕೊನೆಯ ದಿನ.

ಬೆಳಗಿನಿಂದ ಅವನು ಎಂದಿನಂತೆ "ಕೊಡ್ರಿ" ಎನ್ನುತ್ತಲೇ ಇದ್ದ. 'ಮೇಡಂ' ಎನ್ನುವುದನ್ನು ಬಿಟ್ಟಿದ್ದ. ಅವಳಿಗೆ ಅದೂ ಚುಚ್ಚಿತು. ಸೋಮವಾರದಿಂದ ಬೇರೆ ಯಾರದೋ ದನಿ ಬರುತ್ತದೆ. ಬರಲಿ, ನನಗೇನು ಎಂದುಕೊಂಡಳು. ಅರ್ಧ ದಿನ ಹಾಗೇ ಅಂದುಕೊಳ್ಳುತ್ತ ಕೂತಳು.

ಮಧ್ಯಾಹ್ನ ಲಾರಿಗೆ ಬೀರು ಏರಿಸುತ್ತಿದ್ದರು. ಅಂಗಳದ ತುಂಬ ಜನ. ಮೆಟ್ಟಿಲ ಮೇಲೆ ಶೋಭಾರಾಣಿ ನಿಂತಿದ್ದಳು. ಈಗ ಆ ಶೆಡ್ಡಿಗೆ ಹೋದರೆ, ಇಷ್ಟು ದಿನ ಸುಳ್ಳಾಗಿದ್ದ ಮಾತನ್ನು ತಾನೇ ನಿಜ ಮಾಡಿದಂತೆ. ಅದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ಎದ್ದಳು. ಈ ಸಲ ಓಡಲಿಲ್ಲ, ಸಂದಿಯಲ್ಲಿ ನುಸುಳಲಿಲ್ಲ. ಅಂಗಳದ ನಟ್ಟನಡುವೆ ನಡೆದಳು. ಹಮಾಲಿಗಳು ಬೀರು ಹಿಡಿದುಕೊಂಡೇ ನಿಂತು ನೋಡಿದರು.

ರುದ್ರೇಶ ಮೇಜಿನ ಡ್ರಾಯರು ಖಾಲಿ ಮಾಡುತ್ತಿದ್ದ. ಅವಳನ್ನು ಕಂಡು ಗಾಬರಿಯಾಗಿ ಬಾಗಿಲ ಕಡೆ ನೋಡಿದ.

"ಇಲ್ಲಿಗ್ಯಾಕ ಬಂದ್ರಿ? ಎಲ್ಲಾರೂ ನೋಡ್ಲಿಕತ್ತಾರ."

"ನೋಡ್ಲಿ. ಯಾಕೆ ಹಾಕಿದ್ರಿ ಅಂತ ಅವತ್ತು ಅವ್ರಿಗೆ ಹೇಳ್ಲಿಲ್ಲ. ನನಗೆ ಹೇಳಿ."

ಅವನು ಡ್ರಾಯರನ್ನು ಮುಚ್ಚಿ, ತೆರೆದು, ಮತ್ತೆ ಮುಚ್ಚಿದ.

"ಈ ಊರಿಗೆ ಬಂದಾಗಿಂದ ನನ್ನ ಎಲ್ಲಾರೂ 'ಏಯ್ ಡಿಸ್ಪ್ಯಾಚ್' ಅಂತನ ಕರಿಯೋದ್ರಿ. ಲಾರಿಯವ್ರೂ ಅಷ್ಟ, ಒಳಗಿನವ್ರೂ ಅಷ್ಟ. ನೀವೊಬ್ರ 'ರುದ್ರೇಶ್ ಅವ್ರೇ' ಅಂತಿದ್ರಿ. ನನ್ನ ಹೆಸರ ಹಿಡದು ಕರಿಯೋರ್ನ ನಾ ನಂಬರಿನಾಗ ಹ್ಯಾಂಗ ಇಟ್ಕೊಳ್ಲಿ ಅನ್ನಿಸ್ತು... ಅಷ್ಟ."

ಅವಳು ಅಷ್ಟಕ್ಕೇ ಬಿಡಲಿಲ್ಲ.

"ಮತ್ತೆ ಮೊದಲ ದಿನ ಮೇಡಂ ಮುಂದೆ ಸುಮ್ಮನಿದ್ದು, ನಾನು ಕೇಳಿದಾಗ ಸುಳ್ಳು ಯಾಕೆ ಹೇಳಿದ್ರಿ?"

"ಆವಾಗ ನಾ ಹೌದು ಅಂದಿದ್ರ, ಆ ಕಾಲ್ ಎಲ್ಲಾ ಖರೇ ಅಂತ ಆಗ್ತಿತ್ತು. ನಿಮ್ ಕೆಲಸ ಹೋಗ್ತಿತ್ತು. ನನಗ ಬ್ಯಾರೆ ಬುದ್ಧಿ ಓಡ್ಲಿಲ್ರಿ." ಸ್ವಲ್ಪ ತಡೆದು ಹೇಳಿದ, "ನಿಮ್ಮನ್ನ ಕೇಳಲಾರದ ಹಾಕಿದ್ದು ತಪ್ಪು. ಅದಕ್ಕ ಮಾಫಿ ಕೇಳ್ತೀನಿ. ಮನಸಿನಾಗ ಇಟ್ಕೊಂಡಿದ್ದಕ್ಕ ಕೇಳಂಗಿಲ್ಲ."

ಹೊರಗೆ ಯಾರೋ ಬೀರುವೊಂದನ್ನು ಧಡ್ಡೆಂದು ಇಳಿಸಿದರು. ಅವಳು ತಿರುಗಿ ನೋಡಲಿಲ್ಲ. ಕಣ್ಣಲ್ಲಿ ನೀರು ತುಂಬಿ ಅವನ ಮುಖ ಕದಡಿದಂತೆ ಕಾಣುತ್ತಿತ್ತು. ಸುಳ್ಳು ಹುಡುಕಿದಳು ಆ ಮುಖದಲ್ಲಿ. ಸಿಗಲಿಲ್ಲ.

"ನಾಳೆ ಬ್ಯಾಡರಹಳ್ಳಿಗೆ ಬನ್ನಿ. ಅಮ್ಮ, ಅಣ್ಣ ಇಬ್ರೂ ಇರ್ತಾರೆ."

ಅವನು ನಂಬದವನಂತೆ ನೋಡಿದ. "ಬಂದು ಏನ್ ಹೇಳ್ಲಿ?"

"ಈಗ ಹೇಳಿದ್ರಲ್ಲ, ಅದನ್ನೇ ಹೇಳಿ. ಹೆಸರನ್ನ ಕೇಳದೆ ತಗೊಂಡ್ರಿ, ಈ ಸಲ ಅವ್ರನ್ನ ಕೇಳಿ."

"ಮತ್ತ ನೀವು?" ಅವನ ದನಿ ಇಳಿಯಿತು. "ನಿಮಗ ನನ್ ಮ್ಯಾಲ ನಂಬಿಕಿ ಬಂತಾ?"

ಸೌಮ್ಯಶ್ರೀ ದುಪಟ್ಟಾದ ತುದಿಯಿಂದ ಕಣ್ಣೊರೆಸಿಕೊಂಡಳು. ಮೊದಲ ಸಲ ಅವನೆದುರು ನಕ್ಕಳು.

"ಪೂರ್ತಿ ಬಂದಿಲ್ಲ ಇನ್ನೂ. ನಿಮ್ಮನ್ನ ದೂರದಿಂದ ನಂಬೋಕಾಗಲ್ಲ ರುದ್ರೇಶ್ ಅವ್ರೇ... ಹತ್ತಿರಾನೇ ಇಟ್ಕೊಂಡು ನೋಡ್ಬೇಕು."